ಆರು ತಿಂಗಳ ಗಡುವು ಯಾರಿಗೆ ಸಾಕು?

ಅಮೆರಿಕದಲ್ಲಿ ಪೆಟ್ರೋಲ್ ಬಂಕ್ ನಡೆಸುವವರು, ಬಂಕ್ ಕೊಳ್ಳಲು ಹಣ ಕೂಡಿಸುತ್ತಿರುವವರು ಈ ಮಾತನ್ನು ಪೂರ್ತಿ ಕೇಳಬೇಕು. ನೆಲದಡಿಯ ಟ್ಯಾಂಕ್‌ಗೆ ನೀವು ಮಾಡಿಸಿರುವ ಮಾಲಿನ್ಯ ವಿಮೆಯಲ್ಲಿ ಪ್ರೀಮಿಯಂಗಿಂತ ಮುಖ್ಯವಾದ ಒಂದು ಸಾಲಿದೆ. ಅದೊಂದು ತಾರೀಖು. ಏಜೆಂಟರು ಅದನ್ನು ರೆಟ್ರೋ ಡೇಟ್ ಎನ್ನುತ್ತಾರೆ. ಆ ದಿನಕ್ಕಿಂತ ಮೊದಲು ಶುರುವಾದ ಸೋರಿಕೆಗೆ ಕಂಪನಿ ಬಿಡಿಗಾಸು ಕೊಡುವುದಿಲ್ಲ.

ಟ್ಯಾಂಕ್ ಒಂದೇ ದಿನ ಒಡೆದು ಹೋಗುವುದು ಅಪರೂಪ. ಪೈಪಿನ ಜೋಡಣೆಯಲ್ಲಿ, ತುಕ್ಕು ಹಿಡಿದ ತಳದಲ್ಲಿ ಹನಿ ಹನಿಯಾಗಿ ಇಂಧನ ಇಳಿಯುತ್ತದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 42 ಡೀಸೆಲ್ ಟ್ಯಾಂಕ್‌ಗಳನ್ನು ಒಳಗಿನಿಂದ ಪರೀಕ್ಷಿಸಲಾಗಿತ್ತು. ಶೇಕಡಾ 83ರಷ್ಟರಲ್ಲಿ ಮಧ್ಯಮ ಅಥವಾ ತೀವ್ರ ತುಕ್ಕು ಕಂಡಿತು. ಅದು ಮೊದಲೇ ಗೊತ್ತಿದ್ದ ಮಾಲೀಕರು ಕಾಲು ಭಾಗಕ್ಕಿಂತ ಕಡಿಮೆ. ಹೀಗಿರುವಾಗ ಸೋರಿಕೆ ಯಾವ ದಿನ ಆರಂಭವಾಯಿತು ಎಂದು ಯಾರು ಪ್ರಮಾಣ ಮಾಡಿ ಹೇಳಬಲ್ಲರು?

ಕಾನೂನು ಈ ಅಪಾಯವನ್ನು ಕಡೆಗಣಿಸಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಬಂಕ್ ಮಾಲೀಕನು ಪ್ರತಿ ಸೋರಿಕೆಗೆ 10 ಲಕ್ಷ ಡಾಲರ್ ಭರಿಸುವ ಶಕ್ತಿ ತನಗಿದೆಯೆಂದು ತೋರಿಸಬೇಕು. ವಕೀಲರ ಖರ್ಚು ಆ ಮೊತ್ತದೊಳಗೆ ಸೇರುವಂತಿಲ್ಲ. ಪ್ರತಿ ಕ್ಲೇಮಿನಲ್ಲಿ ಮಾಲೀಕನೇ ಕೈಯಿಂದ ಹಾಕಬೇಕಾದ ಪಾಲನ್ನೂ (ಡಿಡಕ್ಟಿಬಲ್) ವಿಮಾ ಕಂಪನಿಯೇ ಮೊದಲು ಪಾವತಿಸಿ, ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಬೇಕು. ಬಹಳ ಒಳ್ಳೆಯ ನಿಯಮ. ಮಾಲೀಕನ ಕೈ ಖಾಲಿಯಿದೆ ಎಂದು ನೆರೆಮನೆಯವರ ಬಾವಿ ಕಾಯುತ್ತಾ ಕೂರುವುದಿಲ್ಲವಲ್ಲ. (ಹಲವು ರಾಜ್ಯಗಳು ಇದಕ್ಕೆಂದೇ ಸ್ವಂತ ನಿಧಿ ಇಟ್ಟಿವೆ. ಅಲ್ಲಿಯವರ ಲೆಕ್ಕ ಬೇರೆ.)

ನನ್ನ ತಕರಾರು ಇರುವುದು ಪಾಲಿಸಿ ಬದಲಾಗುವ ಗಳಿಗೆಯ ಬಗ್ಗೆ. ಅಗ್ಗದ ಪ್ರೀಮಿಯಂ ಸಿಕ್ಕಿತೆಂದು ಮಾಲೀಕ ಕಂಪನಿ ಬದಲಿಸುತ್ತಾನೆ. ಹೊಸ ಕಂಪನಿ ಪಾಲಿಸಿ ಶುರುವಾದ ದಿನವನ್ನೇ ರೆಟ್ರೋ ಡೇಟ್ ಎಂದು ಬರೆಯುತ್ತದೆ. ಹಳೆಯ ಸೋರಿಕೆಯನ್ನು ವರದಿ ಮಾಡಲು ಹಳೆಯ ಪಾಲಿಸಿಯಡಿ ನಿಯಮ ಕೊಡುವ ಕಾಲಾವಕಾಶ ಕೇವಲ ಆರು ತಿಂಗಳು. ಏಳನೆಯ ತಿಂಗಳಲ್ಲಿ ಮಣ್ಣು ವಾಸನೆ ಹೊಡೆದರೆ ಹಳೆಯ ಕಂಪನಿ ಅವಧಿ ಮುಗಿಯಿತು ಎನ್ನುತ್ತದೆ, ಹೊಸದು ಇದು ನಮ್ಮ ಕಾಲದ್ದಲ್ಲ ಎನ್ನುತ್ತದೆ. ಸಾಮಾನ್ಯ ವ್ಯಾಪಾರ ವಿಮೆಯತ್ತ ನೋಡಿಯೂ ಪ್ರಯೋಜನವಿಲ್ಲ. 1980ರ ದಶಕದ ನಡುವಿನಿಂದ ಅದು ಮಾಲಿನ್ಯವನ್ನು ಹೊರಗಿಟ್ಟೇ ಬಂದಿದೆ. ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳುವ ಹಾನಿಗೆ ಆರು ತಿಂಗಳ ಗಡುವು ಅನ್ಯಾಯ. ಇದನ್ನು ಬರೆದವರು ಕಾಗದದ ಅನುಕೂಲ ನೋಡಿದರೇ ಹೊರತು ಅಂತರ್ಜಲದ ನಡೆಯನ್ನಲ್ಲ.

ಆ ನಡೆ ಎಂಥದ್ದೆಂದು ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾ ನಗರಕ್ಕೆ ಗೊತ್ತು. ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ಕೊಳವೆಬಾವಿಗಳಿಗೆ ಸೇರಿ, 1996ರಲ್ಲಿ ಆ ನಗರ ತನ್ನ ಕುಡಿಯುವ ನೀರಿನ ಸುಮಾರು ಅರ್ಧವನ್ನು ಕಳೆದುಕೊಂಡಿತು. ಪೆಟ್ರೋಲಿನಲ್ಲೇ ಇರುವ ಬೆಂಜೀನ್ ಇನ್ನೂ ಭಯಂಕರ: ಕ್ಯಾನ್ಸರ್ ತರುವ ಈ ವಸ್ತು ಕುಡಿಯುವ ನೀರಿನಲ್ಲಿ ಶತಕೋಟಿಗೆ 5 ಭಾಗ ಮೀರುವಂತಿಲ್ಲ.

ಆದ್ದರಿಂದ ಗಡುವನ್ನು ವರ್ಷಗಳಿಗೆ ವಿಸ್ತರಿಸಲಿ. ತಪಾಸಣೆಗೆ ಬರುವ ಅಧಿಕಾರಿ ಪ್ರಮಾಣಪತ್ರ ಇದೆಯೇ ಎಂದು ನೋಡಿ ಹೊರಡದೆ, ರೆಟ್ರೋ ಡೇಟ್ ಮುಂದಕ್ಕೆ ಜಾರಿದೆಯೇ ಎಂದೂ ನೋಡಲಿ. ನಿಯಮ ಬದಲಾಗುವವರೆಗೆ ಮಾಲೀಕರು ಹಳೆಯ ತಾರೀಖನ್ನೇ ಉಳಿಸಿಕೊಡುವಂತೆ ಹೊಸ ಕಂಪನಿಯನ್ನು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ, ಹಳೆಯ ಪಾಲಿಸಿ ಜೀವಂತವಿರುವಾಗಲೇ ಟ್ಯಾಂಕ್, ಪೈಪು, ಸುತ್ತಲಿನ ಮಣ್ಣು ಮೂರನ್ನೂ ಪರೀಕ್ಷೆ ಮಾಡಿಸಿ.