ರಕ್ತನಾಳದ ಬಿಗಿತವೂ ಕ್ಯಾಲ್ಸಿಯಂ ಚಾನೆಲ್ಲೂ

ಕೇಳುಗರಿಗೆ ನಮಸ್ಕಾರ. ಬಿಪಿಗೆಂದು ಅಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುವವರು ನಿಮ್ಮಲ್ಲಿ ಅನೇಕರಿರಬಹುದು. ಅದು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಎಂದು ತಿಳಿದೊಡನೆ ಕೆಲವರು ಹಾಲು, ಮೊಸರು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಕಾಗಿಲ್ಲ. ಆ ಮಾತ್ರೆಯ ಕೆಲಸವೇ ಬೇರೆ ಕಡೆ.

ಹೃದಯದಿಂದ ರಕ್ತ ಒಯ್ಯುವ ನಮ್ಮ ಸಣ್ಣ ಅಪಧಮನಿಗಳ ಗೋಡೆಯಲ್ಲಿ ನಾಳವನ್ನು ಸುತ್ತುವರಿದು ಸ್ನಾಯುಕೋಶಗಳಿವೆ. ಈ ಕೋಶಗಳ ಒಳಗಿಗಿಂತ ಹೊರಗೆ ಕ್ಯಾಲ್ಸಿಯಂ ಅಯಾನುಗಳ (ವಿದ್ಯುದಾವೇಶವುಳ್ಳ ಕಣಗಳ) ಸಾಂದ್ರತೆ ಸುಮಾರು 10,000 ಪಟ್ಟು ಹೆಚ್ಚು. ಕೋಶದ ಪೊರೆಯಲ್ಲಿ ಪ್ರೋಟೀನಿನಿಂದಾದ ಬಾಗಿಲುಗಳಿವೆ, ಅವೇ ಚಾನೆಲ್‌ಗಳು. ಅವು ತೆರೆದರೆ ಸಾಕು, ಕ್ಯಾಲ್ಸಿಯಂ ತಾನಾಗಿ ಒಳನುಗ್ಗುತ್ತದೆ. ಒಳಗೆ ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್‌ಗೆ ಫಾಸ್ಫೇಟ್ ಸೇರಿಸುತ್ತದೆ. ಆಗ ಮಯೋಸಿನ್ ಪಕ್ಕದ ಆಕ್ಟಿನ್ ಎಂಬ ಪ್ರೋಟೀನ್ ಎಳೆಗಳನ್ನು ಜಗ್ಗುತ್ತದೆ, ನಾಳ ಕಿರಿದಾಗುತ್ತದೆ.

ಬಾಗಿಲು ತೆರೆಯುವುದು ಯಾವಾಗ? ಪೊರೆಯ ಒಳಗೂ ಹೊರಗೂ ಇರುವ ವಿದ್ಯುತ್ ವ್ಯತ್ಯಾಸ ತಗ್ಗಿದಾಗ. ರಕ್ತದ ಒತ್ತಡಕ್ಕೆ ಗೋಡೆ ಹಿಗ್ಗಿದಾಗಲೂ ಈ ವ್ಯತ್ಯಾಸ ತಗ್ಗುತ್ತದೆ. ಹಾಗಾಗಿ ಹಿಗ್ಗಿಸಿದ ನಾಳ ನರಗಳ ಅಪ್ಪಣೆಗೂ ಕಾಯದೆ ತನ್ನಷ್ಟಕ್ಕೇ ಬಿಗಿಯುತ್ತದೆ. ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ವಿಲಿಯಂ ಬೇಲಿಸ್ 1902ರಲ್ಲೇ ಈ ಗುಣವನ್ನು ವಿವರಿಸಿದ್ದರು. ಯಾವ ಚಾನೆಲ್ಲಿನ ಸುಳಿವೂ ಇಲ್ಲದ ಕಾಲದಲ್ಲಿ ಅಷ್ಟು ಕಂಡುಕೊಂಡದ್ದು ನನಗೆ ಇಂದಿಗೂ ಬೆರಗು.

ಈ ಬಿಗಿತ ಸ್ವಲ್ಪವೇ ಆದರೂ ಪರಿಣಾಮ ದೊಡ್ಡದು. ನಾಳದ ತ್ರಿಜ್ಯ ಅರ್ಧಕ್ಕಿಳಿದರೆ ರಕ್ತದ ಹರಿವಿಗೆ ಎದುರಾಗುವ ತಡೆ ಇಮ್ಮಡಿಯಲ್ಲ, 16 ಪಟ್ಟಾಗುತ್ತದೆ. ಶೇಕಡಾ 10ರಷ್ಟು ಕುಗ್ಗಿದರೂ ತಡೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಅಮ್ಲೋಡಿಪಿನ್ ಆ ಬಾಗಿಲುಗಳಿಗೆ ಅಂಟಿಕೊಂಡು ಒಳಹರಿವನ್ನು ತಗ್ಗಿಸುತ್ತದೆ. ನಾಳ ಸಡಿಲವಾಗುತ್ತದೆ, ಬಿಪಿ ಇಳಿಯುತ್ತದೆ. ಕೈಕಾಲಿನ ಸ್ನಾಯುಗಳು ತಮ್ಮೊಳಗಿನ ದಾಸ್ತಾನಿನಿಂದಲೇ ಕ್ಯಾಲ್ಸಿಯಂ ಬಿಡುಗಡೆ ಮಾಡಿಕೊಳ್ಳುವುದರಿಂದ ಅವುಗಳ ಬಲ ಕುಂದುವುದಿಲ್ಲ.

ಇನ್ನು, ಈ ಮಾತ್ರೆಯಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಕಿಡ್ನಿ ಕೆಟ್ಟಿತೇ ಎಂದು ಗಾಬರಿಯಾಗುವುದು ಸಹಜ. ಬಹುಪಾಲು ನಡೆಯುವುದು ಇಷ್ಟು: ಅಪಧಮನಿಗಳು ಹಿಗ್ಗುತ್ತವೆ, ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳು ಅಷ್ಟು ಹಿಗ್ಗುವುದಿಲ್ಲ. ಇವೆರಡರ ನಡುವಿನ ಅತಿ ಸಣ್ಣ ನಾಳಗಳಾದ ಲೋಮನಾಳಗಳಲ್ಲಿ ಒತ್ತಡ ಏರಿ ದ್ರವ ಹೊರಗೆ ಜಿನುಗುತ್ತದೆ. ಇದು ದೇಹದಲ್ಲಿ ನೀರು ಹೆಚ್ಚಾಗಿ ಬಂದ ಊತವಲ್ಲವಾದ್ದರಿಂದ ಮೂತ್ರ ಹೆಚ್ಚಿಸುವ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಊತಕ್ಕೆ ಬೇರೆ ಕಾರಣಗಳೂ ಇರಬಹುದು, ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅವರು ಪ್ರಮಾಣ ತಗ್ಗಿಸಬಹುದು, ಇಲ್ಲವೇ ಅಭಿಧಮನಿಗಳನ್ನೂ ಸಡಿಲಿಸುವ ಇನ್ನೊಂದು ಔಷಧಿಯನ್ನು ಜೊತೆಗೆ ಕೊಡಬಹುದು.