ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಗಾಡಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕಾರಿನ ವಿಷಯ ಕೇಳಲು ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಸಿಗ್ನಲ್‌ನಲ್ಲಿ ನಿಂತಾಗ ತಾನೇ ಇಂಜಿನ್ ಆಫ್ ಮಾಡಿಕೊಂಡು, ಹೊರಡುವಾಗ ಮತ್ತೆ ಶುರುವಾಗುವ ಒಂದು ಕಾರನ್ನು ಆರು ವರ್ಷದಿಂದ ಇಟ್ಟುಕೊಂಡು ಬೆಂಗಳೂರಿನಲ್ಲಿ ಓಡಾಡುತ್ತಿರುವವನು, ಅಷ್ಟೇ.

ಕಾರು ತಂದ ಮೊದಲ ವಾರ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೈಸೂರು ರಸ್ತೆಯಲ್ಲಿ ಹೊರಟಿದ್ದೆ. ರೆಡ್ ಸಿಗ್ನಲ್ ಬಿತ್ತು. ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಟ್ಟೆ. ಇಂಜಿನ್ ಗಪ್‌ಚಿಪ್. ಅಪ್ಪ ಗಾಬರಿಯಾದರು. "ಏನೋ, ಹೊಸ ಗಾಡಿ, ಆಗಲೇ ನಿಂತೋಯ್ತಾ?" ಇಲ್ಲಪ್ಪ, ಅದೇ ಆಫ್ ಮಾಡ್ಕೊಳುತ್ತೆ ಅಂದೆ. "ಅದಕ್ಕೆ ಯಾರು ಹೇಳಿದ್ದು?" ಅಂದರು.

ಒಳ್ಳೆ ಪ್ರಶ್ನೆ ಅಲ್ವಾ? ಹೇಳಿಕೊಟ್ಟವರು ಜಪಾನಿನವರು. 1970ರ ದಶಕದಲ್ಲೇ ಟೊಯೊಟಾ ತನ್ನ ಕ್ರೌನ್ ಕಾರಿನಲ್ಲಿ ಇದನ್ನು ಮಾಡಿ ನೋಡಿತ್ತು. ನಮ್ಮಲ್ಲಿ 2014ರಲ್ಲಿ ಸ್ಪ್ಲೆಂಡರ್ ಐಸ್ಮಾರ್ಟ್ ಬೈಕಿಗೇ ಬಂತು. 2015ರಲ್ಲಿ ಮಾರುತಿ ಸಿಯಾಜ್ ಡೀಸೆಲ್‌ಗೂ ಬಂತು. ಆದರೆ ಈ ಬೈಕು, ಕಾರು ಬರುವ ಮೊದಲೇ ನಮ್ಮ ಆಟೊದವರು ಇದನ್ನು ಕೈಯಾರೆ ಮಾಡುತ್ತಿದ್ದರು. ಸಿಗ್ನಲ್‌ನಲ್ಲಿ ಟೈಮರ್ 90 ತೋರಿಸಿದರೆ ಆಫ್. ಐದು ಸೆಕೆಂಡ್ ಉಳಿದಾಗ ಕೆಳಗಿನ ಲಿವರ್ ಒಂದು ಸಲ ಎಳೆದರೆ ಗಾಡಿ ಶುರು. ಟೈಮರ್ 15 ಇದ್ದರೆ ಆಫ್ ಮಾಡುವ ಗೋಜಿಗೇ ಹೋಗುತ್ತಿರಲಿಲ್ಲ.

ಈ ಕಾರುಗಳ ತೊಂದರೆ ಇರುವುದೇ ಇಲ್ಲಿ. ಆಟೊದವರಿಗೆ ಎಷ್ಟು ಹೊತ್ತು ನಿಲ್ಲಬೇಕು ಅಂತ ಗೊತ್ತು. ಕಾರಿಗೆ ಗೊತ್ತಿಲ್ಲ. ಮುಂದಿನ ಟೆಂಪೊ ಎರಡು ಸೆಕೆಂಡ್ ನಿಂತರೂ ಅದು ಆಫ್ ಆಗುತ್ತದೆ, ಸಿಲ್ಕ್ ಬೋರ್ಡ್‌ನಲ್ಲಿ ಮೂರು ನಿಮಿಷ ನಿಂತರೂ ಆಫ್ ಆಗುತ್ತದೆ. ಇಂಜಿನ್ ಮತ್ತೆ ಶುರುವಾಗಲು ಬೇಕಾಗುವ ಪೆಟ್ರೋಲ್, ಹೆಚ್ಚೆಂದರೆ ಹತ್ತು ಸೆಕೆಂಡ್ ಸುಮ್ಮನೆ ಉರಿದಷ್ಟು. ಅದಕ್ಕಿಂತ ಜಾಸ್ತಿ ನಿಂತರೆ ಲಾಭ, ಕಡಿಮೆಯಾದರೆ ಬರೀ ಕಿರಿಕಿರಿ.

ಲಾಭ ಎಷ್ಟು? ಚಿಕ್ಕ ಪೆಟ್ರೋಲ್ ಇಂಜಿನ್ ನಿಂತಲ್ಲೇ ಉರಿದರೆ ಗಂಟೆಗೆ ಸುಮಾರು ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ. ದಿನಕ್ಕೆ ಒಟ್ಟು 20 ನಿಮಿಷ ಸಿಗ್ನಲ್‌ಗಳಲ್ಲೇ ಕಳೆಯುತ್ತೇವೆ ಅಂದುಕೊಳ್ಳಿ. ಸುಮಾರು 200 ಮಿಲಿ ಉಳಿಯಿತು. ತಿಂಗಳಿಗೆ 25 ದಿನ ಅಂದರೆ ಐದು ಲೀಟರ್. ಐನೂರು ರೂಪಾಯಿ ಆಸುಪಾಸು. ಇದು ಇಂಜಿನ್ ಪೂರ್ತಿ ಹೊತ್ತು ಆಫ್ ಇದ್ದರೆ ಮಾತ್ರ. ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕಿಕೊಂಡು ಕೂತರೆ ಆ ಲೆಕ್ಕ ನಡೆಯುವುದಿಲ್ಲ. ತುಂಬಾ ಕಾರುಗಳಲ್ಲಿ ಎಸಿ ಕಂಪ್ರೆಸರ್ ತಿರುಗಲು ಇಂಜಿನ್ ತಿರುಗಲೇಬೇಕು. ಒಳಗೆ ಸೆಕೆ ಏರಿದ ಕೂಡಲೇ ಕಾರೇ ಮತ್ತೆ ಶುರುವಾಗುತ್ತದೆ. ಕಲಬುರಗಿಯಲ್ಲಿರುವ ನನ್ನ ಭಾವ, "ಬೇಸಿಗ್ಯಾಗ ನಮ್ಮ ಗಾಡಿ ಆಫೇ ಆಗಂಗಿಲ್ಲ" ಅನ್ನುತ್ತಾರೆ. ಸರಿಯೇ.

ಇನ್ನು ಆ ಬಟನ್. "ಎ" ಅಕ್ಷರದ ಸುತ್ತ ಬಾಣ ಇರುತ್ತದಲ್ಲ, ಅದು. ಒತ್ತಿದರೆ ವ್ಯವಸ್ಥೆ ಬಂದ್. ಆದರೆ ಹೆಚ್ಚಿನ ಕಾರುಗಳಲ್ಲಿ ಮಾರನೆಯ ದಿನ ಗಾಡಿ ತೆಗೆದಾಗ ಅದು ಮತ್ತೆ ಆನ್ ಆಗಿರುತ್ತದೆ. ಮೈಲೇಜು, ಹೊಗೆ ಪರೀಕ್ಷೆಯಲ್ಲಿ ಅದು ಆನ್ ಇದ್ದಾಗಿನ ಲೆಕ್ಕ ಕಂಪನಿಗಳಿಗೆ ಬೇಕು. ಅದಕ್ಕೇ ಈ ಹಟ. ಬೈಯುವವರು ನಾವೊಬ್ಬರೇ ಅಲ್ಲ. 2025ರ ಮೇನಲ್ಲಿ ಅಮೆರಿಕದ ಪರಿಸರ ಸಂಸ್ಥೆಯ ಮುಖ್ಯಸ್ಥ ಲೀ ಝೆಲ್ಡಿನ್ ಕೂಡ, ಇದನ್ನು ಕಂಡರೆ ಯಾರಿಗೂ ಆಗುವುದಿಲ್ಲ ಅಂತ ಬರೆದುಕೊಂಡಿದ್ದರು.

ನಾನು ಬಟನ್ ಮುಟ್ಟುವುದು ಕಡಿಮೆ. ಮ್ಯಾನ್ಯುಅಲ್ ಗಾಡಿಯಲ್ಲಿ ನಿಮ್ಮ ಎಡಗಾಲೇ ಬಟನ್. ಈಗಲೇ ಹೊರಡಬೇಕು ಅನ್ನಿಸಿದರೆ ಫಸ್ಟ್ ಗೇರಿನಲ್ಲೇ ಕ್ಲಚ್ ಒತ್ತಿ ಹಿಡಿಯಿರಿ, ಆಫ್ ಆಗುವುದಿಲ್ಲ. ದೊಡ್ಡ ಸಿಗ್ನಲ್ ಆದರೆ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಕ್ಲಚ್ ಮತ್ತೆ ತುಳಿದರೆ ಶುರು. ಆಟೊಮ್ಯಾಟಿಕ್ ಇರುವವರು ಬ್ರೇಕನ್ನು ಮೆತ್ತಗೆ ಒತ್ತಿ ನೋಡಿ. ಕೆಲವು ಕಾರುಗಳಲ್ಲಿ ಜೋರಾಗಿ ತುಳಿದಾಗ ಮಾತ್ರ ಇಂಜಿನ್ ನಿಲ್ಲುತ್ತದೆ. ಒಂದು ವಾರ ಪಳಗಿದರೆ ಸಾಕು.

ಈಗ ಬ್ಯಾಟರಿ. ನನ್ನ ಜೇಬಿಗೆ ಕತ್ತರಿ ಬಿದ್ದ ಕಥೆ ಇದು. ಮೂರೂವರೆ ವರ್ಷಕ್ಕೆ ಹಳೆ ಬ್ಯಾಟರಿ ಹೋಯಿತು. ಇಂಥ ಕಾರಿಗೆ ಇಎಫ್‌ಬಿ ಇಲ್ಲವೇ ಎಜಿಎಂ ಅನ್ನುವ, ಪದೇ ಪದೇ ಸ್ಟಾರ್ಟ್ ಮಾಡಿದರೂ ಬಾಳುವ ಜಾತಿಯ ಬ್ಯಾಟರಿ ಬೇಕು. ಮಾಮೂಲಿ ಬ್ಯಾಟರಿ ಬೆಳಿಗ್ಗೆ ಒಂದು ಸಲ ಇಂಜಿನ್ನನ್ನು ಜೋರಾಗಿ ತಳ್ಳಿ, ಆಮೇಲೆ ಚಾರ್ಜ್ ಆಗುತ್ತಾ ಆರಾಮಾಗಿ ಇರುವಂಥದ್ದು. ಇಲ್ಲಿ ಅದು ಆಫೀಸು ತಲುಪುವುದರೊಳಗೆ ಇಪ್ಪತ್ತು, ಮೂವತ್ತು ಸಲ ತಳ್ಳಬೇಕು. ಮಧ್ಯೆ ಇಂಜಿನ್ ನಿಂತಾಗ ಲೈಟು, ಬ್ಲೋವರ್, ಹಾಡು ಎಲ್ಲಾ ಅದರ ತಲೆ ಮೇಲೆ. ಅಂಗಡಿಯವರು ಮಾಮೂಲಿ ಬ್ಯಾಟರಿಯನ್ನೇ ತೋರಿಸಿ, "ಸಾರ್, ಇದೂ ಅದೇ ಸೈಜು, ಅದೇ ಆಂಪಿಯರ್, ಎರಡು ಸಾವಿರ ಕಮ್ಮಿ" ಅಂದರು. ನಾನೂ ತಲೆ ಆಡಿಸಿ ಅದನ್ನೇ ಹಾಕಿಸಿದೆ.

ಐದನೇ ತಿಂಗಳಿಗೆ ಇಂಜಿನ್ ಸಿಗ್ನಲ್‌ನಲ್ಲಿ ಆಫ್ ಆಗುವುದನ್ನೇ ಬಿಟ್ಟಿತು. ಸದ್ಯ, ಕಾಟ ತಪ್ಪಿತು ಅಂತ ಖುಷಿಪಟ್ಟೆ ನೋಡಿ! ಬ್ಯಾಟರಿ ಸೊರಗಿದರೆ ಕಾರು ಮೊದಲು ನಿಲ್ಲಿಸುವುದೇ ಈ ಕೆಲಸವನ್ನು. ಅದು ಎಚ್ಚರಿಕೆ ಅಂತ ನನಗೆ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಬೇಸ್‌ಮೆಂಟ್‌ನಲ್ಲಿ ಬರೀ ಟಿಕ್ ಟಿಕ್ ಟಿಕ್. ಎರಡು ಸಾವಿರ ಉಳಿಸಿದವನು ಎರಡನೇ ಬ್ಯಾಟರಿಗೆ ಪೂರ್ತಿ ದುಡ್ಡು ಕೊಟ್ಟೆ.

ಅವತ್ತು ಪಕ್ಕದ ಮನೆಯವರು ಕೇಬಲ್ ತಂದು, ತಮ್ಮ ಕಾರಿನ ಬ್ಯಾಟರಿಯಿಂದ ಜಂಪ್ ಕೊಟ್ಟು ಗಾಡಿ ಶುರು ಮಾಡಿಸಿದರು. ಕಪ್ಪು ಕ್ಲಿಪ್ಪನ್ನು ನೇರ ಬ್ಯಾಟರಿಯ ಮೈನಸ್‌ಗೆ ಹಾಕಲು ಹೊರಟಿದ್ದೆ, ಅವರೇ ತಡೆದರು. ಅಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಪೆಟ್ಟಿಗೆ ಕೂತಿರುತ್ತದೆ, ಬ್ಯಾಟರಿಯೊಳಗೆ ಹೋಗುವ, ಬರುವ ಕರೆಂಟಿನ ಲೆಕ್ಕ ಇಡುವ ಸೆನ್ಸರ್. ಕ್ಲಿಪ್ಪನ್ನು ಇಂಜಿನ್ ಪಕ್ಕದ ಬಣ್ಣವಿಲ್ಲದ ಬೋಲ್ಟಿಗೆ ಹಾಕಬೇಕು. ಇಲ್ಲದಿದ್ದರೆ ಅದರ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮಾತು. ರೈಲ್ವೆ ಗೇಟು ಬಿದ್ದಾಗ ಇಂಜಿನ್ ಸದ್ದಿಲ್ಲ ಅಂತ ಹಾಗೇ ಇಳಿದು ಟೀ ಕುಡಿಯಲು ಹೋಗಬೇಡಿ. ಇಗ್ನಿಷನ್ ಇನ್ನೂ ಆನ್ ಇರುತ್ತದೆ, ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆದುಕೊಂಡೇ ಇಳಿಯಿರಿ.

ನನ್ನ ಕಾರು ಕೆಳಗೆ ಗೇಟಿನ ಹತ್ತಿರವೇ ನಿಂತಿದೆ. ಆ ಪೆಟ್ಟಿಗೆ, ಆ ಬೋಲ್ಟು ನೋಡಬೇಕು ಅನ್ನುವವರು ಬನ್ನಿ, ಬಾನೆಟ್ ತೆಗೆದು ತೋರಿಸುತ್ತೇನೆ. ಪ್ರಶ್ನೆಗಳನ್ನೂ ಅಲ್ಲೇ ಕೇಳಿ.