ಕುಂಬಳೆ ಪೇಟೆಯ ಬೋರ್ಡ್ ನೋಡಿ ಪ್ರಬಂಧ ಬರೆಯುವುದು

ಇದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆ. ಪ್ಲಸ್ ಟು ಸೋಶಿಯಾಲಜಿಗೆ ಸ್ವಂತ ಸಂಶೋಧನೆ ಮಾಡಿ ಪ್ರಬಂಧ ಕೊಡಬೇಕು, ಅದಕ್ಕೆ ಅಂಗಡಿ ಬೋರ್ಡ್‌ಗಳ ಫೋಟೊ ತೆಗೆಯುತ್ತಾ ಇದ್ದೇನೆ. ಯಾವ ಭಾಷೆ ಮೇಲೆ ಉಂಟು, ಯಾವುದು ಕೆಳಗೆ, ಯಾವುದು ಇಲ್ಲವೇ ಇಲ್ಲ. ನನ್ನ ಪ್ರಶ್ನೆ ಇಷ್ಟೇ.

ಮೊದಲು ವಿಷಯ ‘ಕಾಸರಗೋಡಿನ ಭಾಷಾ ಸಮಸ್ಯೆ’ ಅಂತ ಇಟ್ಟಿದ್ದೆ. “ಇದರಲ್ಲಿ ನೀನು ಹುಡುಕುವುದು ಏನು?” ಅಂದರು ಟೀಚರ್. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದು, ಅದು ಜಾರಿಯಾಗದೇ ಉಳಿದದ್ದು, ಎಲ್ಲ ಎಷ್ಟೋ ಜನ ಬರೆದಾಗಿದೆ. ಪೀಠಿಕೆಗೆ ಒಂದು ಪ್ಯಾರಾ ಸಾಕು.

ಈ ಜವಳಿ ಅಂಗಡಿ ನೋಡಿ. ಮಲಯಾಳ ದೊಡ್ಡದು, ಇಂಗ್ಲಿಷ್ ಕೆಳಗೆ, ಕನ್ನಡ ಮೂಲೆಯಲ್ಲಿ. ತುಳು, ಬ್ಯಾರಿ, ಕೊಂಕಣಿ ಒಳಗೆ ಕೇಳುತ್ತದೆ, ಬೋರ್ಡಿನಲ್ಲಿ ಇಲ್ಲ. ಜನಗಣತಿಯಲ್ಲಿ ಒಬ್ಬರಿಗೆ ಒಂದೇ ಮಾತೃಭಾಷೆ, ಗೊತ್ತಿರುವ ಬೇರೆ ಭಾಷೆ ಎರಡೇ. ಈ ಅಂಗಡಿಯವರು ನನ್ನೆದುರೇ ಗಿರಾಕಿಗಳ ಹತ್ತಿರ ನಾಲ್ಕು ಭಾಷೆಯಲ್ಲಿ ಮಾತಾಡಿದರು!

ಅಯ್ಯೋ, ಪ್ರಿಂಟಿನ ಕತೆ ಹೇಳಲೇಬೇಕು. ಪೀಠಿಕೆ ‘ನುಡಿ’ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು. ಪ್ರಿಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಆ ಫಾಂಟೇ ಅಲ್ಲಿಲ್ಲ. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿ ಕೊಟ್ಟೆ. ಈಗ ಒತ್ತಕ್ಷರ ಜಾರಿತು, ‘ಅಣ್ಣ’ ಹೋಗಿ ‘ಅಣ್‌ಣ’. “ಇಷ್ಟೇ ಬರುವುದು” ಅಂತ ಪ್ರಿಂಟ್ ತೆಗೆದೇ ಬಿಟ್ಟರು, ಪೇಜಿಗೆ 5 ರೂಪಾಯಿ. ಸಿಟ್ಟು ಬಂತು ಮಾರಾಯ್ರೆ. ಫಾಂಟ್ ಸುಮ್ನೆ ಸಿಗುತ್ತದೆ, ದುಡ್ಡು ಬೇಡ. ಇಷ್ಟು ಕನ್ನಡದವರಿರುವ ಪೇಟೆಯಲ್ಲಿ ಒಂದು ಹಾಕಿ ಇಡಲು ಏನು ಕಷ್ಟ? ಕೊನೆಗೆ ಅಕ್ಕನ ಲ್ಯಾಪ್‌ಟಾಪಿನಲ್ಲಿ ಪಿಡಿಎಫ್ ಮಾಡಿ ತಂದೆ, ಒಂದಕ್ಷರ ಅಲುಗಲಿಲ್ಲ. ಕನ್ನಡದಲ್ಲಿ ಬರೆಯುವವರು ಮನೆಯಲ್ಲೇ ಪಿಡಿಎಫ್ ಮಾಡಿ, ದಯವಿಟ್ಟು.

ಬೋರ್ಡ್ ಎಣಿಸಿದರೆ ಸಾಕು ಅಂತ ಮೊದಲು ಅಂದುಕೊಂಡಿದ್ದೆ. ಸಾಲದು. ಈ ಬೇಕರಿಯವರನ್ನು ಕನ್ನಡ ಯಾಕಿಲ್ಲ ಅಂತ ಕೇಳಿದೆ. “ಹಾಕಿ ಅಂದಿದ್ದೆ ಮಗಾ, ಫ್ಲೆಕ್ಸ್ ಮಾಡುವವನ ಹತ್ತಿರ ಕನ್ನಡ ಅಕ್ಷರ ಇರಲಿಲ್ಲ” ಅಂದರು. ನಾನು ಎಲ್ಲದಕ್ಕೂ ರಾಜಕೀಯವೇ ಕಾರಣ ಅಂದುಕೊಂಡು ಬಂದವಳು. ಟೀಚರ್‌ಗೆ ಹೇಳಿದರೆ, ಒಬ್ಬರ ಮಾತು ಸಾಕ್ಷಿಗೆ ಸಾಲದು, ಇನ್ನೂ ಜನರನ್ನು ಕೇಳು ಅಂದರು. ಸರಿಯೇ. ಹೆಸರು ಹಾಕುವುದಿಲ್ಲ ಅಂತ ಮೊದಲೇ ಹೇಳುತ್ತೇನೆ, ಆಗ ಜನ ಜಾಸ್ತಿ ಮಾತಾಡುತ್ತಾರೆ.

ಪಕ್ಕದ ಚಪ್ಪಲಿ ಅಂಗಡಿಯವರು ಈಗ ಬಾ ಅಂತ ಕರೆಯುತ್ತಾ ಇದ್ದಾರೆ. ಕ್ಯಾಮರಾ ಬೇಡವಂತೆ, ವಿಡಿಯೊ ಇಲ್ಲೇ ನಿಲ್ಲಿಸುತ್ತೇನೆ.